ಹಂಚಿಹೋದ ದನಿ

ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ ಅವನನ್ನು ಎಲ್ಲರೂ ಗಂಟಲಣ್ಣ ಎಂದೇ ಕರೆಯುತ್ತಿದ್ದರು. ಮೈಕಿನ ಹಂಗಿಲ್ಲದ ಆಳು. ಈರುಳ್ಳಿ ಮೂಟೆಯ ಮೇಲೆ ಹತ್ತಿ ನಿಂತು ಒಮ್ಮೆ ಬಾಯಿ ಬಿಟ್ಟನೆಂದರೆ ಆಚೆ ತುದಿಯಲ್ಲಿ ಟೊಮೆಟೊ ಇಳಿಸುತ್ತಿದ್ದವರೂ ಕೈಯಲ್ಲಿದ್ದ ಕ್ರೇಟು ಹಾಗೇ ಹಿಡಿದು ತಲೆ ಎತ್ತುತ್ತಿದ್ದರು. ಅಂಥವನಿಗೆ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಡಾಕ್ಟರು. ತೆಗೆದ ಮೇಲೂ ಹೆಸರು ಮಾತ್ರ ಹೋಗಲಿಲ್ಲ. ಕರೆದವರು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು, ಮರುದಿನ ಮತ್ತೆ ಅದೇ ಹೆಸರಲ್ಲಿ ಕರೆಯುತ್ತಿದ್ದರು.

ಆದರೆ ಇದು ಅವನಿಗಿಂತ ಹೆಚ್ಚಾಗಿ ಅವನ ತಂಗಿಯ ಕತೆ. ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಅವಳು ಕಂಪ್ಯೂಟರ್ ಟೀಚರ್. ಮನೆಯಲ್ಲಿ ಪುಟ್ಟಿ. ಕೂದಲು ಅಲ್ಲಲ್ಲಿ ನರೆತರೂ ಪುಟ್ಟಿಯೇ. ಅತ್ತಿಗೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಅಣ್ಣ, ಅವಳು ಮತ್ತು ಅಮ್ಮ. ಸಕ್ಕರೆ ಕಾಯಿಲೆ ಅಮ್ಮನ ಕಣ್ಣು ತಿಂದುಹಾಕಿತ್ತು. ಬೆಳಕು ಯಾವ ಕಡೆ, ಕತ್ತಲೆ ಯಾವ ಕಡೆ ಎನ್ನುವಷ್ಟು ಗೊತ್ತಾಗುತ್ತಿತ್ತು, ಅಷ್ಟೆ. ಉಳಿದದ್ದೆಲ್ಲ ಕಿವಿಯಲ್ಲೇ ನಡೆಯುತ್ತಿತ್ತು. ಬಾಗಿಲ ಚಿಲಕದ ಸದ್ದಿನಲ್ಲೇ ಬಂದವರು ಯಾರೆಂದು ಹೇಳುತ್ತಿದ್ದಳು.

ಆಪರೇಶನ್ನಿನ ಸುದ್ದಿ ಕೇಳಿದ ದಿನ ಅಮ್ಮ ಮೊದಲು ನಕ್ಕಳು. "ಅವನು ಬರೆದು ತೋರಿಸಿದ್ರೆ ನಂಗೆ ಕಾಣಲ್ಲ. ನಾನು ಕೇಳಿದ್ರೆ ಅವನಿಗೆ ಹೇಳೋಕಾಗಲ್ಲ. ಒಳ್ಳೆ ಜೋಡಿಯಾಯ್ತು ಬಿಡು ನಮ್ಮದು" ಎಂದಳು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದವಳು ಊಟಕ್ಕೂ ಏಳಲಿಲ್ಲ.

ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ಮೇಡಂ ಪುಟ್ಟಿಯನ್ನು ಪಕ್ಕಕ್ಕೆ ಕರೆದು ‘ದನಿ’ ಎಂಬ ಸಾಫ್ಟ್‌ವೇರ್ ವಿಷಯ ಹೇಳಿದರು. ಮಾತು ಹೋಗುವ ಮೊದಲೇ ಮನುಷ್ಯನ ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಂಡರೆ, ಮುಂದೆ ಅವನು ಟೈಪ್ ಮಾಡಿದ್ದನ್ನು ಅದೇ ದನಿಯಲ್ಲಿ ಅದು ಓದಿ ಹೇಳುತ್ತದೆ. ಓಪನ್ ಸೋರ್ಸ್, ಅಂದರೆ ಅದರ ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ತಮ್ಮ ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬಹುದು. ಇಡೀ ಸಾಫ್ಟ್‌ವೇರ್ ಒಂದೇ ಗಂಟು. ಇಂಟರ್ನೆಟ್ಟೂ ಬೇಡ.

ಸ್ಪಂಜು ಬಡಿದ ಗೋಡೆಗಳ ನಡುವೆ, ಥೆರಪಿ ಕೇಂದ್ರದ ಪುಟ್ಟ ಕೋಣೆಯಲ್ಲಿ ಅಣ್ಣ ಕೂತು ತಲೆಬುಡವಿಲ್ಲದ ವಾಕ್ಯಗಳನ್ನು ಓದಿದ. ಎಲ್ಲ ಅಕ್ಷರಗಳೂ ಬರಬೇಕಲ್ಲ, ಅದಕ್ಕೆ ಅಂಥ ವಾಕ್ಯಗಳು. "ನೀಲಿ ಕುದುರೆ ನಿಧಾನವಾಗಿ ಛತ್ರಿ ಬಿಚ್ಚಿತು ಅಂತೆ. ಯಾರು ಕೂಗಿ ಕೊಂಡ್ಕೋತಾರೆ ಪುಟ್ಟಿ ಇಂಥ ಕುದುರೇನ?" ಎಂದು ನಗುತ್ತಿದ್ದ. ಆಗಲೇ ದನಿ ಒಡೆಯುತ್ತಿತ್ತು. ನೀರು ಕುಡಿದು ಮತ್ತೆ ಓದುತ್ತಿದ್ದ.

ಆಪರೇಶನ್ ಆಗಿ ಮನೆಗೆ ಬಂದವನು ಟ್ಯಾಬ್ಲೆಟ್ ಹಿಡಿದು ಅಮ್ಮನ ಮಂಚದ ಅಂಚಿನಲ್ಲಿ ಕೂತ. ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿದ. "ಅಮ್ಮಾ, ಮತ್ತೆ ಕದ್ದು ಸಕ್ಕರೆ ತಿಂದ್ಯಾ?" ಎಂದಿತು ಅವನದೇ ದನಿ. ಸ್ವಲ್ಪ ಒರಟಾಗಿತ್ತು, ಪದಗಳ ನಡುವೆ ಬೆಸುಗೆ ಕಾಣುತ್ತಿತ್ತು. ಆದರೆ ಅವನದೇ. ಅಮ್ಮ ಕೈಚಾಚಿ ಅವನ ಮುಖ ಹುಡುಕಿ, ಕೆನ್ನೆಗೆ ಮೆಲ್ಲಗೆ ಬಾರಿಸಿ, ಅಳುತ್ತಾ ನಕ್ಕಳು.

ಅವನು ಮಾರುಕಟ್ಟೆಗೂ ಮರಳಿದ. ಹರಾಜಿನ ವೇಗಕ್ಕೆ ಬೆರಳು ಸಾಲದು. ಆದರೆ ಯಾವ ಲಾರಿ ಬಂತು, ಯಾವ ಮಾಲು ಎಲ್ಲಿದೆ ಎಂದು ಬೆಳಗ್ಗೆ ಲೌಡ್‌ಸ್ಪೀಕರಿನಲ್ಲಿ ಹೇಳುವ ಕೆಲಸ ಕೊಟ್ಟರು.

ಅಣ್ಣನ ಬಾಯಿ ಸರಿಮಾಡಲು ಹೋದ ಪುಟ್ಟಿ ಆ ಸಾಫ್ಟ್‌ವೇರಿನ ಒಳಗೇ ಸೇರಿಕೊಂಡಳು. ಅದಕ್ಕೆ ನಮ್ಮ ಭಾಷೆಯ ಒತ್ತಕ್ಷರ ಸರಿಯಾಗಿ ಬರುತ್ತಿರಲಿಲ್ಲ. ಅಕ್ಕಿ ಮೂಟೆ ‘ಅಕಿ’ ಮೂಟೆಯಾಗಿ ಮಾರುಕಟ್ಟೆ ತುಂಬ ನಗೆ ಎದ್ದಿತ್ತು. ಶಾಲೆ ಬಿಟ್ಟ ಮೇಲೆ ಲ್ಯಾಬಿನಲ್ಲಿ ಕೂತು ಅದನ್ನು ತಿದ್ದಿ ಕಳಿಸಿದಳು. ಆ ಬಳಗದಲ್ಲಿ ಎಲ್ಲೆಲ್ಲಿಯೋ ಇದ್ದ ಎಷ್ಟೋ ಜನರ ಪರಿಚಯವಾಯಿತು. ಹುಟ್ಟಿನಿಂದ ಮಾತು ಬಾರದ ಮಗಳಿಗಾಗಿ ದುಡಿಯುತ್ತಿದ್ದ ಒಬ್ಬ ಅಪ್ಪನಿದ್ದ. ಅವನನ್ನು ಇವಳು ಕಡಲಾಚೆಯ ಅಪ್ಪ ಎನ್ನುತ್ತಿದ್ದಳು. ‘ದನಿ’ಯನ್ನು ಮೊದಲು ಬರೆದವನಿಗೆ ಎಲ್ಲರೂ ಸೇರಿ ಮೂಲಪುರುಷ ಎಂದು ಹೆಸರಿಟ್ಟಿದ್ದರು. ಅವನಿಗೂ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಮೂಲಪುರುಷನಿಗೆ ಸ್ವಲ್ಪ ಹಟ. ಒಮ್ಮೆ, ಅಕ್ಷರ ಬಾರದ ಮಕ್ಕಳು ಚಿತ್ರ ಒತ್ತಿ ಮಾತಾಡುವ ಚಿತ್ರಫಲಕ ಬೇಡವೇ ಬೇಡ ಎಂದು ಕೂತ. ಆಗ ಒಂದಷ್ಟು ಜನ ಇಡೀ ಕೋಡನ್ನು ಎತ್ತಿಕೊಂಡು ಹೋಗಿ ಬೇರೆ ಮನೆ ಹೂಡಿದರು. ಆ ಬಳಗದಲ್ಲಿ ಅದಕ್ಕೆ ಫೋರ್ಕ್ ಎನ್ನುತ್ತಾರೆ. ವಾರದೊಳಗೆ ಅವರ ‘ದನಿ’ ಇವನ ‘ದನಿ’ಯಷ್ಟೇ ಚೆನ್ನಾಗಿ ಓಡಿತು. ಮೂಲಪುರುಷ ಮೆತ್ತಗಾದ, ಕರೆದು ರಾಜಿ ಮಾಡಿಕೊಂಡ, ಚಿತ್ರಫಲಕವೂ ಬಂತು. ನಮ್ಮನ್ನು ಕೇಳದೆ ಯಾರೂ ಏನೂ ಮಾಡಲಾರರು ಎಂದು ಪುಟ್ಟಿಗೆ ಧೈರ್ಯ ಬಂದಿದ್ದೇ ಆ ಜಗಳದಿಂದ.

ಕೆಲವು ವರ್ಷ ಕಳೆದು ಮೂಲಪುರುಷ ಒಂದು ಕಂಪನಿ ಕಟ್ಟಿದ. ಒಂದೇ ಗಂಟಾಗಿದ್ದ ‘ದನಿ’ಯನ್ನು ಬಿಚ್ಚಿ ಚಿಕ್ಕ ಚಿಕ್ಕ ಸೇವೆಗಳನ್ನಾಗಿ ಮಾಡಿದರು. ದನಿ ಹೊರಡಿಸುವುದು ಒಂದು ಸೇವೆ. ಉಚ್ಚಾರಣೆ ಇನ್ನೊಂದು. ಮುಂದಿನ ಪದ ಊಹಿಸುವುದು ಮತ್ತೊಂದು. ಬಳಸುತ್ತಿರುವವರು ಯಾರೆಂದು ಗುರುತು ಹಿಡಿಯಲು ಬೇರೊಂದು. ಹೀಗೆ ಎಷ್ಟೋ. ಎಲ್ಲವೂ ಕಂಪನಿಯ ಕಂಪ್ಯೂಟರುಗಳಲ್ಲಿ ಇಂಟರ್ನೆಟ್ ಮೂಲಕ ಒಂದಕ್ಕೊಂದು ಕೇಳಿಕೊಂಡು ಕೆಲಸ ಮಾಡುತ್ತಿದ್ದವು. ಅಣ್ಣನ ದನಿ ಬೆಣ್ಣೆಯಾಯಿತು. ಬೆಸುಗೆ ಮಾಯ. ಎರಡಕ್ಷರ ಒತ್ತಿದರೆ ವಾಕ್ಯವೇ ಸಿದ್ಧ. "ಕಾಯಿಲೆಗೆ ಮುಂಚೆಗಿಂತ ಚೆನ್ನಾಗಿ ಮಾತಾಡ್ತೀಯಲ್ಲೋ" ಎಂದಳು ಅಮ್ಮ.

ಕಡಲಾಚೆಯ ಅಪ್ಪನೊಬ್ಬ ಮಾತ್ರ ರಾಗ ಎಳೆದ. "ನಾಳೆ ಜಗಳ ಬಂದ್ರೆ ಇದನ್ನ ಎತ್ಕೊಂಡು ಹೋಗೋಕಾಗುತ್ತಾ?" ಎಂದು ಬಳಗದಲ್ಲಿ ಬರೆದ.

"ಕೋಡ್ ಎಲ್ಲಾ ಬಯಲಲ್ಲೇ ಇದೆಯಲ್ಲ" ಎಂದು ಉತ್ತರ ಬರೆದವರಲ್ಲಿ ಪುಟ್ಟಿಯೂ ಒಬ್ಬಳು. ಹಳೆಯ ದನಿಗಳನ್ನೆಲ್ಲ ಹೊಸ ಸೇವೆಗೆ ಸೇರಿಸಿ, ಟ್ಯಾಬ್ಲೆಟ್ಟಿನಲ್ಲಿದ್ದ ಹಳೆಯ ಗಂಟನ್ನು ತೆಗೆದದ್ದಾಯಿತು. ಥೆರಪಿ ಕೇಂದ್ರದವರು ಇನ್ನೇಕೆ ಎಂದು ಅಲ್ಲಿದ್ದ ರೆಕಾರ್ಡಿಂಗುಗಳನ್ನು ಅಳಿಸಿ ಕಂಪ್ಯೂಟರನ್ನು ರಿಸೆಪ್ಶನ್ನಿಗೆ ಕೊಟ್ಟರು. ಮನೆಯ ಲ್ಯಾಪ್‌ಟಾಪ್ ಕೆಟ್ಟಾಗ ಪುಟ್ಟಿಯೂ ಅದರೊಳಗಿದ್ದ ಅಣ್ಣನ ರೆಕಾರ್ಡಿಂಗನ್ನು ಹೊರತೆಗೆಯುವ ಗೋಜಿಗೆ ಹೋಗಲಿಲ್ಲ.

ಒಂದು ದಿನ ಕಂಪನಿಯಿಂದ ಪ್ರಕಟಣೆ ಬಂತು. ಬಳಕೆದಾರರು ಕಡಿಮೆ ಇರುವ ಭಾಷೆಗಳ ಸೇವೆಯನ್ನು ತಿಂಗಳ ಕೊನೆಗೆ ನಿಲ್ಲಿಸಲಾಗುವುದು. ಅವುಗಳಲ್ಲಿ ನಮ್ಮದೂ ಇತ್ತು. ಕೋಡ್ ಎಂದಿನಂತೆ ಮುಕ್ತ, ಬೇಕಾದವರು ತಾವೇ ನಡೆಸಿಕೊಳ್ಳಬಹುದು ಎಂದು ಕೆಳಗೆ ಬರೆದಿತ್ತು.

ಪುಟ್ಟಿಗೆ ಮೊದಲು ಭಯವಾಗಲಿಲ್ಲ, ಸಿಟ್ಟು ಬಂತು. "ಹೋಗ್ಲಿ ಬಿಡು. ಹಿಂದೆ ಮಾಡಿದ ಹಾಗೆ ಬೇರೆ ಮನೆ ಮಾಡ್ಕೋತೀವಿ" ಎಂದು ಅಣ್ಣನಿಗೆ ಹೇಳಿ, ಶಾಲೆಯ ಲ್ಯಾಬಿನಲ್ಲಿ ಮೂಲೆ ಸೇರಿದ್ದ ಕಂಪ್ಯೂಟರುಗಳನ್ನೆಲ್ಲ ಒರೆಸಿ ಸಾಲಾಗಿ ಜೋಡಿಸಿದಳು. ಕಡಲಾಚೆಯ ಅಪ್ಪ ಆ ಕಡೆಯಿಂದ ಕೈಜೋಡಿಸಿದ. ಅವನ ಮಗಳ ಭಾಷೆಯೂ ಅದೇ ಪಟ್ಟಿಯಲ್ಲಿತ್ತು.

ದನಿಯ ಸೇವೆಯನ್ನು ಏಳಿಸಿದರೆ ಅದು ಉಚ್ಚಾರಣೆಯ ಸೇವೆ ಎಲ್ಲಿ ಎಂದಿತು. ಅದನ್ನು ಏಳಿಸಿದರೆ ಗುರುತಿನ ಸೇವೆಯಿಂದ ಅಪ್ಪಣೆ ತಾ ಎಂದಿತು. ಗುರುತಿನ ಸೇವೆ ಕಂಪನಿಯೊಳಗಿನ ಯಾವುದೋ ಕೀಲಿಗಾಗಿ ಕಾಯುತ್ತಾ ಕೂತಿತು. ಒಂದನ್ನು ಸರಿಮಾಡಿದರೆ ನಿನ್ನೆ ಎದ್ದಿದ್ದು ಇವತ್ತು ಮಲಗುತ್ತಿತ್ತು, ಯಾಕೆಂದರೆ ಕಂಪನಿಯವರು ಈ ನಡುವೆಯೂ ಒಂದೊಂದು ಚೂರನ್ನು ಒಂದೊಂದು ದಿನ ಬದಲಾಯಿಸುತ್ತಲೇ ಇದ್ದರು. ಯಾವ ಚೂರಿನ ಯಾವ ರೂಪ ಯಾವುದರ ಜೊತೆ ಹೊಂದುತ್ತದೆಂದು ಎಲ್ಲೂ ಬರೆದಿರಲಿಲ್ಲ. ಪಾಠ ಮಾಡುವಾಗಲೂ ಪುಟ್ಟಿಯ ತಲೆಯಲ್ಲಿ ಅದೇ ಸುತ್ತುತ್ತಿತ್ತು. ಬೋರ್ಡಿನ ಮೇಲೆ ಅರ್ಧ ವಾಕ್ಯ ಬರೆದು ನಿಂತುಬಿಡುತ್ತಿದ್ದಳು.

ಕೊನೆಗೆ ಮೂಲಪುರುಷನನ್ನು ವಿಡಿಯೊ ಕಾಲಿನಲ್ಲಿ ಹಿಡಿದಳು. ಮನುಷ್ಯ ಇಳಿದುಹೋಗಿದ್ದ.

"ಒಂದು ಸಾಲೂ ಮುಚ್ಚಿಟ್ಟಿಲ್ಲ ಟೀಚರ್. ಬೇಕಾದ್ರೆ ನೋಡಿ. ನನ್ನ ಮಾತು ನಾನು ತಪ್ಪಿಲ್ಲ" ಎಂದ.

"ಸಾಲು ಮುಚ್ಚಿಟ್ಟಿಲ್ಲ ಸಾರ್. ಆದ್ರೆ ಅವನ್ನೆಲ್ಲ ಒಟ್ಟಿಗೆ ಓಡಿಸೋದು ಹೇಗೆ ಅನ್ನೋದು ಎಲ್ಲಿದೆ? ಅದನ್ನ ಕೊಡಿ."

"ಕೊಡೋಕೆ ಅದು ಬರೆದಿಟ್ಟಿದ್ದಲ್ಲ. ನಮ್ಮವರ ತಲೆಯಲ್ಲಿದೆ. ಅವರಲ್ಲಿ ಅರ್ಧ ಜನ ಕೆಲಸ ಬಿಟ್ಟು ಹೋದ್ರು." ಅವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ನಿಜ ಹೇಳ್ಲಾ? ಇವತ್ತು ಎಲ್ಲಾ ನಿಂತುಹೋದ್ರೆ ಮತ್ತೆ ಏಳಿಸೋಕೆ ನನ್ನ ಕೈಲೂ ಆಗಲ್ಲ."

"ಹಂಗಾದ್ರೆ ಬಯಲಲ್ಲಿದೆ ಅಂತ ಯಾಕೆ ಹೇಳ್ತೀರಿ ಸಾರ್? ಬಾವಿ ತೋರಿಸಿ ಹಗ್ಗ ಇಲ್ಲ ಅಂದ ಹಾಗಾಯ್ತಲ್ಲ!"

ಅವನು ಕಂಪನಿಯಲ್ಲಿ ತನ್ನ ಮಾತು ಈಗ ನಡೆಯುವುದಿಲ್ಲ ಎಂದಷ್ಟೇ ಹೇಳಿ ಫೋನಿಟ್ಟ. ಪುಟ್ಟಿಗೆ ಬೈಯಲೂ ಮನಸ್ಸಾಗಲಿಲ್ಲ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

ಫೋರ್ಕ್ ಆಗುವುದಿಲ್ಲ ಎಂದು ಖಾತ್ರಿಯಾದಾಗ ಇನ್ನೊಂದು ದಾರಿ ಹೊಳೆಯಿತು. ಸೇವೆ ನಿಲ್ಲುವ ಮೊದಲು ಅಣ್ಣನ ದನಿಯಲ್ಲಿ ಸಾಧ್ಯವಾದಷ್ಟು ಮಾತು ಆಡಿಸಿ ರೆಕಾರ್ಡ್ ಮಾಡಿಕೊಳ್ಳುವುದು. ತಿಂಗಳ ಕೊನೆಗೆ ಇನ್ನೂ ಸಮಯವಿತ್ತು. ಶಾಲೆಗೆ ರಜೆ ಹಾಕಿ ಭಾನುವಾರದಿಂದ ಕೂರುವುದೆಂದು ಇಬ್ಬರೂ ಮಾತಾಡಿಕೊಂಡರು. ಅಮ್ಮನಿಗೆ ಏನೂ ಹೇಳಿರಲಿಲ್ಲ.

ಶುಕ್ರವಾರ ಬೆಳಗ್ಗೆ ಮಾರುಕಟ್ಟೆಯಲ್ಲಿ ಲೌಡ್‌ಸ್ಪೀಕರ್ ಎಂದಿನಂತೆ ಹೇಳುತ್ತಿತ್ತು. "ಆಲೂಗಡ್ಡೆ ಲಾರಿ ಮೂರನೇ ಗೇಟಿಗೆ ಬಂದಿದೆ. ಇಳಿಸೋರು ಬೇಗ..." ಅಲ್ಲಿಗೇ ನಿಂತಿತು. ಅಣ್ಣ ಮತ್ತೆ ಒತ್ತಿದ. ಮತ್ತೆ ಒತ್ತಿದ. ಆಫ್ ಮಾಡಿ ಆನ್ ಮಾಡಿದ. ಗೇಟಿನ ಕಡೆಯಿಂದ ಯಾರೋ "ಗಂಟಲಣ್ಣಾ, ಬೇಗ ಏನು ಮಾಡ್ಬೇಕೋ ಹೇಳು!" ಎಂದು ಕೂಗಿದರು. ನಾಲ್ಕು ಜನ ನಕ್ಕರು. ಸ್ವಲ್ಪ ಹೊತ್ತಿಗೆ ನಗೆ ತಾನಾಗಿ ನಿಂತಿತು. ಟ್ಯಾಬ್ಲೆಟ್ಟನ್ನು ಎದೆಗೆ ಅವುಚಿಕೊಂಡು ಮೂಟೆಗಳ ನಡುವಿನಿಂದ ಮನೆಗೆ ನಡೆಯುತ್ತಿದ್ದವನನ್ನು ಯಾರೂ ಮಾತಾಡಿಸಲಿಲ್ಲ.

ಆಗಿದ್ದಿಷ್ಟು. ದನಿಯ ಸೇವೆ ಇನ್ನೂ ಓಡುತ್ತಲೇ ಇತ್ತು. ಆದರೆ ನಮ್ಮ ಭಾಷೆಯ ಉಚ್ಚಾರಣೆಯ ಚೂರು ಬೇರೊಂದು ತಂಡದ ಕೈಯಲ್ಲಿತ್ತು. ಹೇಗೂ ನಿಲ್ಲಿಸುವುದೇ ತಾನೆ ಎಂದು ಅವರು ಮೊದಲೇ ತೆಗೆದುಬಿಟ್ಟರು. ಅದರ ಹಿಂದೆಯೇ ಉಳಿದೆಲ್ಲ ಮಲಗಿತು. ಪುಟ್ಟಿ ಬರೆದಳು, ಬೇಡಿಕೊಂಡಳು, ಬರೀ ಎರಡು ದಿನ ತೆರೆದುಕೊಡಿ ಎಂದಳು. ತಪ್ಪಾಯಿತು, ಆದರೆ ತೆಗೆದದ್ದನ್ನು ಮತ್ತೆ ಕೂರಿಸುವುದು ಕಷ್ಟ ಎಂದರು. ಮೂಲಪುರುಷ ಅವರ ಕಾಲು ಹಿಡಿದನೋ ಏನೋ, ಅಣ್ಣನ ದನಿಯ ಫೈಲನ್ನು ಮಾತ್ರ ಕಳಿಸಿಕೊಟ್ಟ. ಅದು ಹೊಸ ರೂಪದ್ದು. ಆ ಸೇವೆಗಳಿಲ್ಲದೆ ತೆರೆಯುವುದಿಲ್ಲ. ಅಣ್ಣನ ದನಿ ಪುಟ್ಟಿಯ ಕೈಯಲ್ಲೇ ಇತ್ತು, ಮೂಕವಾಗಿ.

ಮನೆಯಲ್ಲಿ ಅಮ್ಮ ಮೊದಲ ದಿನ ಜಗಳವೆಂದುಕೊಂಡಳು. "ಯಾಕೋ ಮುನಿಸ್ಕೊಂಡಿದ್ದೀಯಾ? ನಾನೇನಂದೆ ಅಂಥದ್ದು?" ಪುಟ್ಟಿ ವಿಷಯ ಬಿಡಿಸಿ ಹೇಳಿದಾಗ ಅಮ್ಮ, "ಎರಡನೇ ಸಲ ಹೋಯ್ತಾ?" ಎಂದಳು. ಆಮೇಲಿಂದ ಅಣ್ಣ ಅವಳ ಪಕ್ಕ ಕೂತು ಕೈ ಹಿಡಿದುಕೊಳ್ಳುತ್ತಿದ್ದ. ಹೌದು ಎಂದರೆ ಒಮ್ಮೆ ಅದುಮುವುದು, ಇಲ್ಲ ಎಂದರೆ ಎರಡು ಸಲ. ಅಮ್ಮ ಪ್ರಶ್ನೆ ಕೇಳಿ ಕೇಳಿ ಸುಸ್ತಾಗುತ್ತಿದ್ದಳು. ಹೌದು, ಇಲ್ಲ, ಇವೆರಡರಲ್ಲಿ ಎಷ್ಟು ಹೊತ್ತು ಮಾತಾಡಲಾದೀತು?

ಪುಟ್ಟಿ ಮತ್ತು ಕಡಲಾಚೆಯ ಅಪ್ಪ ಮಾತ್ರ ಬಿಡಲಿಲ್ಲ. ಎಲ್ಲ ಸೇವೆಗಳ ಆಸೆ ಬಿಟ್ಟು ದನಿಯ ಸೇವೆಯೊಂದನ್ನೇ ಹೇಗಾದರೂ ಎಬ್ಬಿಸೋಣವೆಂದು ಹೊರಟರು. ಒಂದು ಭಾನುವಾರ ಮಧ್ಯಾಹ್ನ, ನಡುಮನೆಯಲ್ಲಿ, ಅದು ಎದ್ದಿತು. ಅಣ್ಣನ ಫೈಲು ತೆಗೆದುಕೊಂಡಿತು. ಪುಟ್ಟಿ ‘ಅಮ್ಮ’ ಎಂದು ಟೈಪ್ ಮಾಡಿದಳು. ಸ್ಪೀಕರಿನಿಂದ ಸದ್ದು ಬಂತು. ಪದವಲ್ಲ. ಅಕ್ಷರವೂ ಅಲ್ಲ. ದೂರದ ಮಾರುಕಟ್ಟೆಯಲ್ಲಿ ಯಾರೋ ಕೂಗಿದ್ದು ಗಾಳಿಗೆ ಕಲಸಿಹೋಗಿ ಬರೀ ಏರಿಳಿತ ಉಳಿದ ಹಾಗೆ. ಆದರೆ ಆ ಏರಿಳಿತ ಅಣ್ಣನದು.

ಒಳಕೋಣೆಯಿಂದ ಅಮ್ಮ ಗೋಡೆ ಸವರಿಕೊಂಡು ಓಡಿಬಂದಳು. "ಬಂದ್ನಾ? ಬಂದ್ನಾ ಪುಟ್ಟಿ?"

ಅಣ್ಣ ಎದ್ದು ಹೊರಗೆ ಹೋದ. ಪುಟ್ಟಿ ಸ್ಪೀಕರಿನ ತಂತಿ ಕಿತ್ತಳು. ಉಚ್ಚಾರಣೆಯ ಚೂರಿಲ್ಲದೆ ದನಿಗೆ ಯಾವ ಅಕ್ಷರ ಹೇಳಬೇಕೆಂದೇ ತಿಳಿಯುತ್ತಿರಲಿಲ್ಲ, ಅಮ್ಮನಿಗೆ ಇದನ್ನು ಹೇಗೆ ಹೇಳುವುದು? "ಇಲ್ಲಮ್ಮ, ರೇಡಿಯೊ" ಎಂದಳು.

ಕೊನೆಗೆ ಉಳಿದದ್ದು ಹಳೆಯ ‘ದನಿ’. ಬಿಚ್ಚುವುದಕ್ಕೆ ಮುಂಚಿನ, ಒಂದೇ ಗಂಟಾಗಿದ್ದ ಕೋಡ್. ಅದನ್ನು ಇಬ್ಬರೂ ಸೇರಿ ಈಗಿನ ಟ್ಯಾಬ್ಲೆಟ್ಟಿಗೆ ಹೊಂದಿಸಿದರು. ಓಡಿತು. ಆದರೆ ಅದರೊಳಗಿದ್ದದ್ದು ಮಾದರಿಗೆಂದು ಹಾಕಿದ್ದ ಯಾರದೋ ಗಂಡು ದನಿ, ಸರ್ಕಾರಿ ಪ್ರಕಟಣೆ ಓದುವವನ ಹಾಗೆ ಚಪ್ಪಟೆ. ಅಣ್ಣನ ಹೊಸ ಫೈಲು ಅದಕ್ಕೆ ಒಗ್ಗಲಿಲ್ಲ, ಹಳೆಯ ರೆಕಾರ್ಡಿಂಗ್ ಎಲ್ಲೂ ಇರಲಿಲ್ಲ. ಟೊಮೆಟೊ ವ್ಯಾಪಾರಿಯ ಫೋನಿನಲ್ಲಿ ಅಣ್ಣ ಹರಾಜು ಕೂಗುವ ಒಂದು ತುಣುಕು ಸಿಕ್ಕಿತು. ಅದರಲ್ಲಿ ಅವನ ದನಿಗಿಂತ ಲಾರಿ ಹಾರ್ನೇ ಜಾಸ್ತಿ.

ಅಣ್ಣ ಆ ಚಪ್ಪಟೆ ದನಿಯನ್ನು ಒಮ್ಮೆ ಕೇಳಿ, ಟ್ಯಾಬ್ಲೆಟ್ ಬೋರಲು ಹಾಕಿದ. ಕಾಗದದ ಮೇಲೆ ಬರೆದ: ‘ಇವನು ನನ್ನ ಮನೆಯಲ್ಲಿ ಮಾತಾಡೋದು ಬೇಡ.’ ಮಾರುಕಟ್ಟೆಗೆ ಹೋಗುವುದನ್ನೂ ಬಿಟ್ಟ. ಗಡ್ಡ ಬೆಳೆಯಿತು. ಪುಟ್ಟಿ ಶಾಲೆಯಿಂದ ಬರುವ ಹೊತ್ತಿಗೆ ಅಮ್ಮನೂ ಮಗನೂ ಒಂದೇ ಕೋಣೆಯಲ್ಲಿ, ಇಬ್ಬರೂ ಇಲ್ಲವೇನೋ ಎಂಬಂತೆ ಕೂತಿರುತ್ತಿದ್ದರು.

ಒಂದು ದಿನ ಪುಟ್ಟಿ ಶಾಲೆಯಲ್ಲಿದ್ದಾಗ ಅಮ್ಮ ಬಚ್ಚಲಲ್ಲಿ ಜಾರಿಬಿದ್ದಳು. ಸೊಂಟ ಅಲುಗಲಿಲ್ಲ. "ಯಾರಿದ್ದೀರಾ? ಮಗಾ, ಇದ್ದೀಯಾ?" ಎಂದು ಕಿರುಚಿಕೊಂಡಳು. ಅಣ್ಣ ಓಡಿಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ, ಕೈ ಅದುಮುತ್ತಲೇ ಇದ್ದ. ನೋವಿನಲ್ಲಿ ಅಮ್ಮನಿಗೆ ಅದುಮಿದ್ದು ಎಲ್ಲಿ ಗೊತ್ತಾಗಬೇಕು? "ಯಾರು ಹಿಡ್ಕೊಂಡಿರೋದು? ಮಾತಾಡಿ! ಯಾರಾದ್ರೂ ಮಾತಾಡಿ!" ಎಂದು ಕೊಸರಾಡುತ್ತಿದ್ದಳು. ಅವಳನ್ನು ಬಿಟ್ಟು ಹೋಗುವಂತಿಲ್ಲ, ಫೋನ್ ಮಾಡಿದರೆ ಹೇಳುವಂತಿಲ್ಲ. ಕೈಗೆ ಸಿಕ್ಕ ತಾಮ್ರದ ಚೊಂಬಿನಿಂದ ಬಚ್ಚಲ ಬಾಗಿಲನ್ನು ಬಡಿದ. ಬಡಿದ. ಪಕ್ಕದ ಮನೆಯವರು ಬರುವ ಹೊತ್ತಿಗೆ ಚೊಂಬು ಚಪ್ಪಟೆಯಾಗಿತ್ತು, ಅವನ ಬೆರಳ ಗೆಣ್ಣುಗಳಿಂದ ರಕ್ತ ಸುರಿಯುತ್ತಿತ್ತು.

ಆಸ್ಪತ್ರೆಯಲ್ಲಿ, ಬ್ಯಾಂಡೇಜು ಸುತ್ತಿದ ಕೈಯನ್ನು ಅಣ್ಣ ಪುಟ್ಟಿಯತ್ತ ಚಾಚಿದ. ಅವಳಿಗೆ ಅರ್ಥವಾಯಿತು. ಟ್ಯಾಬ್ಲೆಟ್ ಕೊಟ್ಟಳು. ಅವನು ಒತ್ತಿದ. ಆ ಚಪ್ಪಟೆ ದನಿ ವಾರ್ಡಿನಲ್ಲಿ ಹೇಳಿತು, "ಅಮ್ಮ, ನಾನು. ನಾನೇ ಹಿಡ್ಕೊಂಡಿದ್ದು."

ಅಮ್ಮ ಮುಖ ತಿರುಗಿಸಿದಳು. "ಪುಟ್ಟಿ, ಯಾರಮ್ಮ ಇವರು? ಡಾಕ್ಟ್ರಾ?"

"ಅಣ್ಣ, ಅಮ್ಮಾ."

"ಅಲ್ಲ" ಎಂದಳು ಅಮ್ಮ. ಅಷ್ಟೇ. ಪುಟ್ಟಿ ಹೊರಗೆ ಮೆಟ್ಟಿಲ ಮೇಲೆ ಕೂತು, ಮಕ್ಕಳ ಹಾಗೆ ಸದ್ದು ಮಾಡಿ ಅತ್ತಳು.

ಸೊಂಟ ಕೂಡಿಕೊಳ್ಳುವ ಹೊತ್ತಿಗೆ ಅಮ್ಮ ಆ ದನಿಗೆ ಒಗ್ಗಿಕೊಂಡಳು ಎನ್ನಬೇಕೋ, ಸೋತಳು ಎನ್ನಬೇಕೋ. ಅದು ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ನೀರು ಬೇಕಾ ಎಂದರೆ ಬೇಕು ಎನ್ನುತ್ತಾಳೆ. ಆದರೆ ಬಹುವಚನದಲ್ಲಿ. "ಕೊಡಿ" ಎನ್ನುತ್ತಾಳೆ, ಮನೆಗೆ ಬಂದ ಪರಿಚಯದವರಿಗೆ ಹೇಳಿದ ಹಾಗೆ. ಅಣ್ಣ ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವನಂತೆ ನೀರು ತರುತ್ತಾನೆ.

ಹಳೆಯ ಕೋಡನ್ನು ಈಗ ಪುಟ್ಟಿ, ಕಡಲಾಚೆಯ ಅಪ್ಪ, ಇನ್ನೂ ಒಂದಿಬ್ಬರು ನೋಡಿಕೊಳ್ಳುತ್ತಿದ್ದಾರೆ. ಮೊನ್ನೆ ಹೊಸಬನೊಬ್ಬ ಬಳಗಕ್ಕೆ ಬಂದು, ಇದರಲ್ಲಿ ಪದ ಊಹಿಸುವ ಭಾಗವನ್ನು ಬೇರೆ ಸೇವೆ ಮಾಡಿದರೆ ಎಷ್ಟು ಚುರುಕಾಗುತ್ತದೆ ಗೊತ್ತಾ ಎಂದು ತುಂಬ ಉತ್ಸಾಹದಿಂದ ಬರೆದ. ಅವನು ಹೇಳಿದ್ದು ಸರಿಯೇ ಇತ್ತು. ಪುಟ್ಟಿ ಉತ್ತರಕ್ಕೆ ಕೂತು, ಬರೆದು, ಅಳಿಸಿ, ಕೊನೆಗೆ ಒಂದೇ ಸಾಲು ಕಳಿಸಿದಳು: ‘ಒಬ್ಬ ಮನುಷ್ಯ, ಒಂದು ಕಂಪ್ಯೂಟರ್, ಇಂಟರ್ನೆಟ್ ಇಲ್ಲ, ಅಲ್ಲಿ ಇದು ಏಳುತ್ತಾ? ಎದ್ದರೆ ಸೇರಿಸೋಣ.’ ಅವನು ಮತ್ತೆ ಬರಲಿಲ್ಲ. ಕೆಲಸ ಬಲ್ಲವನಾಗಿದ್ದ. ಅಂಥವರನ್ನು ಕಳೆದುಕೊಂಡರೆ ಇದೂ ಎಷ್ಟು ದಿನ ಎಂಬುದು ಅವಳಿಗೂ ಗೊತ್ತು. ಪ್ರತಿ ಸಲ ಟ್ಯಾಬ್ಲೆಟ್ಟಿನ ಸಿಸ್ಟಮ್ ಹೊಸದಾದಾಗ ಎಲ್ಲೋ ಒಂದು ಕಡೆ ಹೊಲಿಗೆ ಬಿಡುತ್ತದೆ. ಇವರು ಹಾಕುತ್ತಾರೆ. ಮತ್ತೆ ಬಿಡುತ್ತದೆ.

ಅಣ್ಣನ ಫೈಲು ಅವಳ ಹತ್ತಿರವೇ ಇದೆ. ಆಗಾಗ ತೆರೆಯಲು ನೋಡುತ್ತಾಳೆ, ಈಚೆಗೆ ಸ್ಪೀಕರ್ ಹಾಕುವುದಿಲ್ಲ.

ಹೋದ ವಾರ ಅಣ್ಣ ಮತ್ತೆ ಮಾರುಕಟ್ಟೆಗೆ ಹೊರಟ. ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತು ಟೈಪ್ ಮಾಡಿದ. "ಇದೂ ನಿಂತ್ರೆ ಏನು ಮಾಡೋದು ಪುಟ್ಟಿ?" ಎಂದು ಟ್ಯಾಬ್ಲೆಟ್ಟಿನೊಳಗಿನ ಆ ಇನ್ನೊಬ್ಬನು ಕೇಳಿದ.

"ಗೊತ್ತಿಲ್ಲ ಅಣ್ಣ" ಎಂದಳು.

ಅವನು ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದ.